ಕಾವು

ಮಂಡಕ್ಕಿಗೆ ತೂಕವಿಲ್ಲ.
ಅದಕ್ಕೇ ನಮ್ಮ ದಾವಣಗೆರೆಯಲ್ಲಿ ಸೇರಿನಲ್ಲಿ ಅಳೆಯುತ್ತಾರೆ.
ಮನೆಯಷ್ಟೆತ್ತರದ ಮೂಟೆಗಳನ್ನು ಸೈಕಲ್ಲಿಗೆ ಹೇರಿಕೊಂಡು
ಒಬ್ಬ ಸಣ್ಣ ಹುಡುಗ
ಗಾಳಿಗೆ ವಾಲುತ್ತ ಹೋಗುತ್ತಾನೆ.

ತೂಕದ ಕೆಲಸ ನನ್ನದು.
ಚೀಲದಲ್ಲಿ ಸ್ಪ್ರಿಂಗ್ ತಕ್ಕಡಿ, ಜೋಳಿಗೆಯಂಥ ಬಟ್ಟೆ,
ಥರ್ಮಾಮೀಟರು, ಮೂಲೆ ಮಡಚಿದ ರಿಜಿಸ್ಟರು.
ಭಟ್ಟಿ ಸಾಲಿನ ಮೂರನೇ ಓಣಿಯ ನಾಯಿಗಳು
ನನ್ನ ಗುಲಾಬಿ ಸೀರೆಗೆ ಬೊಗಳುವುದನ್ನು ಬಿಟ್ಟು ವರ್ಷವಾಯಿತು.

ಜಬೀನಾಗೆ ಆಗ ನಾಲ್ಕು ತಿಂಗಳು.
ಭತ್ತ ನೆನೆಹಾಕುವ ತೊಟ್ಟಿಗೆ ಬಗ್ಗಿದ್ದಳು.
"ಮಾತ್ರೆ ನುಂಗ್ತಿದೀಯಾ?"
"ಹೂಂ ಅಕ್ಕಾ."
ತುಟಿ ಬೆಳ್ಳಗಿತ್ತು. ನಾನು ವಾದಕ್ಕೆ ಹೋಗಲಿಲ್ಲ.
ಅತ್ತೆ ಹುಸೇನಬೀ ನನಗೆ ಚಹಾಕ್ಕಿಟ್ಟು
ಸಕ್ಕರೆಯೆಂದು ತೆರೆದ ಡಬ್ಬಿಯ ತುಂಬ
ಕೆಂಪು ಕೆಂಪು ಕಬ್ಬಿಣದ ಮಾತ್ರೆ,
ಬಿತ್ತನೆಗೆ ಎತ್ತಿಟ್ಟ ಕಾಳಿನ ಹಾಗೆ.
"ವಾಂತಿ ಬರತೈತೆ ಅಕ್ಕಾ,
ಸರ್ಕಾರದ್ದು, ಬಿಸಾಕಾಕೂ ಮನಸಿಲ್ಲ."
ಮೂವರೂ ನಕ್ಕೆವು. ನಕ್ಕ ಮೇಲೆ
ರಾತ್ರಿ ಉಂಡು ನುಂಗು, ನಿಂಬೆ ಚೀಪು ಎಂದೆ.
ಚಹಾ ಸಪ್ಪೆಯಾಗಿಯೇ ಕುಡಿದೆ.

ಕೂಸು ಎಂಟಕ್ಕೇ ಬಂತು.
ದೊಡ್ಡಾಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಹತ್ತು ದಿನ,
ಆಮೇಲೆ ಈ ತಗಡಿನ ಮನೆ.
ಜೋಳಿಗೆಯಲ್ಲಿಟ್ಟು ಎತ್ತಿದರೆ
ತಕ್ಕಡಿಯ ಮುಳ್ಳಿಗೆ ಏಳುವ ಉಮೇದೇ ಇಲ್ಲ:
ಒಂದು ಕಿಲೋ ಏಳುನೂರು.
ನಾನು ಇನ್ನೊಮ್ಮೆ ತೂಗಿದೆ.
ತಪ್ಪು ತಕ್ಕಡಿಯದಾಗಿರಲಿ ಎಂದು.

ಮಲಗಿಸಿದ್ದು ಭಟ್ಟಿಯ ಹಿಂಗೋಡೆಗೆ ಒತ್ತಿ.
"ಹಗಲೂ ರಾತ್ರಿ ಬೆಚ್ಚಗೈತೆ ನೋಡ್ರಿ,"
ಹುಸೇನಬೀ ಗೋಡೆಯನ್ನು ಎಮ್ಮೆಯ ಮೈಯಂತೆ ಸವರಿದಳು.
ನಿಜ, ಬೆಚ್ಚಗಿತ್ತು.
ಬಿರುಕಿನಿಂದ ಹೊಟ್ಟಿನ ಹೊಗೆಯೂ ಬರುತ್ತಿತ್ತು,
ಕೂಸಿನ ಮೂಗಿನ ಸುತ್ತ ಕಾಡಿಗೆಯಂಥ ಗೆರೆ.

ಎದೆಗೆ ಕಟ್ಟಿಕೊಳ್ಳಬೇಕು, ಚರ್ಮಕ್ಕೆ ಚರ್ಮ, ಎಂದೆ.
ಜಬೀನಾ ಕಟ್ಟಿಕೊಳ್ಳುತ್ತಾಳೆ, ಸರಿ. ಅವಳು ಮಲಗುವುದು ಯಾವಾಗ?
ಹೊಸ್ತಿಲಲ್ಲಿ ಖಲಂದರ್ ನಿಂತಿದ್ದ,
ಮುಂಗೈ ತುಂಬ ಮರಳು ಸಿಡಿದ ಕಲೆ.
ಗಂಡಸು ಕೂಸು ಕಟ್ಟಿಕೊಂಡರೆ ಓಣಿ ನಗುತ್ತದೆ
ಎಂದು ಅವನು ಹೇಳಲಿಲ್ಲ; ಚಪ್ಪಲಿ ನೋಡಿಕೊಂಡ.

"ಬಾಣಲೆಯ ಮರಳು ಕಾದಿದ್ದು ನಿನಗೆ ಹೇಗೆ ಗೊತ್ತಾಗುತ್ತೆ?"
"ಮೇಲೆ ಕೈ ಹಿಡಿದರೆ ಸಾಕು ಅಕ್ಕಾ.
ಒಂದು ಗಳಿಗೆ ಹೆಚ್ಚಾದರೆ ಅಕ್ಕಿ ಕರಕಲು,
ಕಮ್ಮಿಯಾದರೆ ಅರಳಂಗಿಲ್ಲ."
"ಹಾಗಾದರೆ ಈ ಪಾದ ಹಿಡಿದು ಹೇಳು."

ಅಂಗೈ ಸತ್ತೈತೆ, ಗೊತ್ತಾಗಂಗಿಲ್ಲ ಎಂದು
ಬಗ್ಗಿ
ಆ ಬೆರಳಗಲದ ಪಾದವನ್ನು ಕೆನ್ನೆಗೆ ಒತ್ತಿಕೊಂಡ.
ಬಹಳ ಹೊತ್ತು ಮಾತಾಡಲಿಲ್ಲ.
"ತಣ್ಣಗೈತೆ," ಎಂದ,
ತಾನೇ ಏನೋ ಕರಗಿಸಿಬಿಟ್ಟವನ ದನಿಯಲ್ಲಿ.

ಆಮೇಲೆ ನಡೆದದ್ದು ನಾನು ನೋಡಿದ್ದಲ್ಲ, ಕೇಳಿದ್ದು.
ಇಷಾ ನಮಾಜು ಮುಗಿಸಿ ಬಂದು
ಹೆಂಡತಿಯ ದುಪಟ್ಟಾದಲ್ಲಿ ಕೂಸನ್ನು ಎದೆಗೆ ಬಿಗಿದು
ಗೋಡೆಗೊರಗಿ ಕೂತರೆ
ಭಟ್ಟಿಗೆ ಬೆಂಕಿ ಹಾಕುವ ಎರಡು ಗಂಟೆಯವರೆಗೂ ಅಲ್ಲಾಡುತ್ತಿರಲಿಲ್ಲವಂತೆ.
ಕೂಗಿದವರಿಗೆ ಹುಸೇನಬೀಯೇ ಉತ್ತರ ಕೊಡುತ್ತಿದ್ದಳಂತೆ:
"ಮಗ ಕಾವಿಗೆ ಕೂತಾನೆ, ನಾಳೆ ಬಾ."

ಎಲ್ಲ ಮನೆಯಲ್ಲೂ ಮುಳ್ಳು ಏರುವುದಿಲ್ಲ.
ಈ ರಿಜಿಸ್ಟರಿನಲ್ಲೇ ಒಂದು ಪುಟ
ಏಳನೇ ದಿನದ ಸಾಲಿನ ಕೆಳಗೆ ಖಾಲಿ ಇದೆ;
ಆ ಓಣಿಗೆ ಹೋಗುವಾಗ ನಾನು ಸುತ್ತುಬಳಸಿ ಹೋಗುತ್ತೇನೆ.
ನನ್ನ ಗೌರವಧನ ಬಂದು ಮೂರು ತಿಂಗಳಾಯಿತು, ಅದಿರಲಿ.

ನಲವತ್ತೆರಡನೇ ದಿನ: ಎರಡು ಕಿಲೋ ಆರುನೂರು.
ಖಲಂದರ್ ನನ್ನ ಚೀಲಕ್ಕೆ ಮಂಡಕ್ಕಿ ಸುರಿದ,
ಸೇರಿನ ಮೇಲೆ ಗೋಪುರ ಬರುವ ಹಾಗೆ ತುಂಬಿ.
ಹೆಗಲಿಗೆ ಭಾರವೇ ಆಗಲಿಲ್ಲ.

ಅವನ ಅಂಗಿಗೆ ಮೇಲಿನ ಎರಡು ಗುಂಡಿಯಿಲ್ಲ.
ಕೂಸಿನ ಕೆನ್ನೆಗೆ ಒತ್ತುತ್ತವೆಂದು
ತಾನೇ ಹಲ್ಲಿನಲ್ಲಿ ಕಡಿದು ತೆಗೆದನಂತೆ.
ಹೊಲಿದು ಕೊಡ್ತೀನೆಂದರೆ
ಜಬೀನಾಗೆ ಇನ್ನೂ ಅಂಗಿ ಕೊಟ್ಟಿಲ್ಲ.