ಎಷ್ಟು ಚುಕ್ಕಿಗೆ ಒಂದು ಮುಖ

ಗೋಣಿಕೊಪ್ಪದಲ್ಲಿ ನನ್ನದು ಚೌಕಟ್ಟಿನ ಅಂಗಡಿ.
ಮೂವತ್ತೊಂದು ವರ್ಷದಿಂದ
ಅಳತೆ ಕೇಳುವುದು ನನ್ನ ಕೆಲಸ, ಹೇಳುವುದು ಗಿರಾಕಿಯದು.
ಈ ಹುಡುಗಿ ಬಂದು ತಿರುಗಿಸಿಬಿಟ್ಟಳು:
‘ಅದ್ರಾಮಣ್ಣಾ, ಒಂದು ಮುಖಕ್ಕೆ ಎಷ್ಟು ಸೈಜು ಬೇಕು?’

ಹೆಸರು ದೇಚಮ್ಮ, ಎಂಟನೇ ಕ್ಲಾಸು,
ಮೊಣಕಾಲಿನಲ್ಲಿ ಹಾಕಿ ಮೈದಾನದ ಒಣಗಿದ ಮಣ್ಣು.
ತಂದ ಅಕ್ಕಿಚೀಲ ಸುರಿದಳು. ಮೇಜಿನ ತುಂಬ
ಆಟದ ಇಟ್ಟಿಗೆ, ಒಂದೊಂದೂ ಕಡಲೆಬೇಳೆಯಗಲ.
ಹೋಂಸ್ಟೇ ಮಕ್ಕಳು ಮಂಚದಡಿ ಮರೆತದ್ದು,
ನೆಂಟರ ಅಟ್ಟದಿಂದ ಇಳಿದದ್ದು;
ಒಂದು ಹಳದಿಯ ಮೇಲೆ
ಯಾವುದೋ ಮಗು ಕಚ್ಚಿದ ಗುರುತು.

ಕಟ್ಟಬೇಕಾದದ್ದು ಐಯ್ಯಣ್ಣ ಸಾರ್ ಮುಖ.
ಗೋಲ್‌ಕೀಪರಿಗೆ ಜಾಲರಿ ಇಲ್ಲದ ಕಾಲದಲ್ಲಿ
ಒಂದು ಚೆಂಡು ಅವರ ಮೇಲಿನ ಹಲ್ಲನ್ನು ಒಯ್ದಿತ್ತು.
ಕಟ್ಟಿಸಿಕೊಳ್ಳಲಿಲ್ಲ ಅವರು.
ಪೊನ್ನಂಪೇಟೆಯ ಮೈದಾನದಲ್ಲಿ ಇವತ್ತಿಗೂ
ಆ ಸಂದಿಯಿಂದಲೇ ಸೀಟಿ.

ಕ್ಲಬ್ಬಿನವರು ಕೊಟ್ಟ ಫೋಟೋ ಯಾವುದೋ ಮದುವೆಯದು:
ಕುಪ್ಯ, ಚೇಲೆ, ಪೀಚೆಕತ್ತಿ, ತಲೆಗೆ ವಸ್ತ್ರ,
ಕಾಲಿನ ಬೂಟೂ ಬಂದಿದೆ.

ಗ್ರಾಫ್ ಹಾಳೆ ಹಾಸಿದೆವು.
ಮೂವತ್ತೆರಡಕ್ಕೆ ಮೂವತ್ತೆರಡು, ಅದು ಬಡವರ ಲೆಕ್ಕ:
ಸಾವಿರದ ಇಪ್ಪತ್ತನಾಲ್ಕರಲ್ಲಿ ಮುಗಿದೀತು.
ಆದರೆ ಮುಖದ ಪಾಲಿಗೆ ಐದೇ ಚುಕ್ಕಿ ಅಗಲ,
ಹಲ್ಲು ಒಂದು ಚುಕ್ಕಿಗಿಂತ ಚಿಕ್ಕದು.
ಒಂದೋ ಬಾಯಿ ಮುಚ್ಚಿದ ಸಾರ್,
ಇಲ್ಲವೋ ಬೊಚ್ಚುಬಾಯಿಯ ಸಾರ್.
ಎರಡೂ ಅವರಲ್ಲ.

ತೊಂಬತ್ತಾರಕ್ಕೆ ತೊಂಬತ್ತಾರು?
ಒಂಬತ್ತು ಸಾವಿರದ ಇನ್ನೂರ ಹದಿನಾರು.
ಚೀಲ ಎಣಿಸಿದೆವು, ಎರಡು ಸಂಜೆ ಹಿಡಿಯಿತು:
ಎರಡು ಸಾವಿರದ ಆರುನೂರು, ಚಿಲ್ಲರೆ.
ಮೇಲಾಗಿ ಆ ಪಟಕ್ಕೆ ಎರಡೂವರೆ ಅಡಿ ಗೋಡೆ ಬೇಕು;
ಕ್ಲಬ್ಬಿನ ಕಿಟಕಿಗೂ ಹಾಕಿ ಕೋಲಿನ ಗೂಟಕ್ಕೂ ನಡುವೆ
ಇರುವುದು ಇಪ್ಪತ್ತು ಇಂಚು.
‘ಕಿಟಕಿ ಮುಚ್ಚಿಸೋಣ’ ಅಂದರು ಕಾರ್ಯದರ್ಶಿ ಕುಟ್ಟಪ್ಪ.

ನನ್ನ ಕತ್ತರಿ ಎಳೆದುಕೊಂಡಳು ಹುಡುಗಿ.
‘ಪಟ ಯಾಕೆ ಹಿಗ್ಗಿಸಬೇಕು? ಫೋಟೋ ಕುಗ್ಗಿಸುವಾ.’
ಬೂಟು ಹೋಯಿತು, ಚೇಲೆ ಹೋಯಿತು,
ಹೆಗಲು, ಪದಕ, ತಲೆವಸ್ತ್ರ
ಒಂದೊಂದಾಗಿ ನನ್ನ ಮರದ ಹೊಟ್ಟಿಗೆ ಬಿದ್ದವು.
‘ಪೀಚೆಕತ್ತಿ ಇಲ್ಲದೆ ಕೊಡವನ ಪಟವಾ?’
‘ಕತ್ತಿ ನಿಮ್ಮ ಸೊಂಟದಲ್ಲೂ ಇದೆ ಅಂಕಲ್,
ಈ ಸಂದಿ ಯಾರ ಬಾಯಲ್ಲಿದೆ?’

ಹಾಗಾಗಿ ನಲವತ್ತೆಂಟಕ್ಕೆ ನಲವತ್ತೆಂಟು,
ಹುಬ್ಬಿನ ಮೇಲಿಂದ ಗಲ್ಲದ ಕೆಳಗೆ.
ಹದಿನೈದು ಇಂಚಾಯಿತು, ನನ್ನ ಪಟ್ಟಿ ಸೇರಿ ಹದಿನೇಳು.
ಹಲ್ಲಿನ ಜಾಗಕ್ಕೆ ಬಂದವು ಆರು ಚುಕ್ಕಿ.
ಕಪ್ಪು ಇಟ್ಟು ನೋಡಿದಳು: ಎಲೆಅಡಿಕೆ ಕಲೆಯಂತಾಯಿತು.
ಕಿತ್ತಳು. ಬೂದು: ಹುಳುಕು.
ಕಿತ್ತು, ಹಾಗೇ ಬಿಟ್ಟಳು.
ತಳದ ಹಲಗೆಯ ಆರು ಗುಬ್ಬಿಗಳು ಬೋಳಾಗಿ ನಿಂತವು.
‘ಗಾಜು?’ ಅಂದೆ.
‘ಬೇಡ, ಗಾಳಿ ಆಡಬೇಕು.’

ಶನಿವಾರ ನಾನೇ ಹೋಗಿ ಮೊಳೆ ಹೊಡೆದೆ.
ಹತ್ತಡಿಯ ಕೋಣೆ. ಎದುರು ಗೋಡೆಗೆ ಬೆನ್ನು ಒತ್ತಿದರೂ
ಬರೀ ಚೌಕ, ಚೌಕ, ಚೌಕ.
‘ಬಚ್ಚಲಿಗೆ ಹಾಕುವ ಟೈಲ್ಸಾ?’ ಅಂದರು ಒಬ್ಬರು.
ಸಾರ್ ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು,
‘ಲಾಯ್ಕಿದೆ’ ಅಂದರು,
ಉಪ್ಪಿಲ್ಲದ ಸಾರು ಬಡಿಸಿದವರಿಗೆ ಅನ್ನುವ ಹಾಗೆ.

ದೇಚಮ್ಮ ತುಟಿ ಬಿಚ್ಚಲಿಲ್ಲ.
ಬಾಗಿಲ ಎರಡೂ ರೆಕ್ಕೆ ತೆಗೆದು ಕಲ್ಲು ಕೊಟ್ಟಳು.
ಅಲ್ಲಿಂದ ಗೋಲುಕಂಬಕ್ಕೆ ಮೂವತ್ತು ಹೆಜ್ಜೆ,
ನನ್ನ ಅಂಗಡಿಗೆ ಬರುವ ಮೊದಲೇ
ಎಣಿಸಿಕೊಂಡಿದ್ದಳಂತೆ.

ನಾಲ್ಕೂವರೆಗೆ ಅಭ್ಯಾಸ.
ಸಾರ್ ತಮ್ಮ ಜಾಗಕ್ಕೆ ನಡೆದರು, ಎಡಗಂಬದ ಪಕ್ಕ,
ಹುಲ್ಲು ಸವೆದ ಕಡೆ.
ಸೀಟಿಗೆಂದು ಬಾಯಿ ತೆರೆದು ಈ ಕಡೆ ತಿರುಗಿದವರು
ತೆರೆದೇ ನಿಂತರು.

ಹುಡುಗಿಯರು ಚೆಂಡಿಗೆ ಕೋಲು ಆನಿಸಿ
ಕಾಯುತ್ತಲೇ ಇದ್ದರು.