ಒಂದು ಮೈಲಿ ಕಡಿಮೆ

ಮೂವತ್ತು ಲಕ್ಷ ಮೈಲಿ. ಸೊನ್ನೆ ಅಪಘಾತ.
ಫಲಕದ ಮೇಲೆ ಅಷ್ಟೇ ಹಿಡಿಸಿತು.
ಹೆಸರಿನಲ್ಲಿ ಒಂದಕ್ಷರ ತಪ್ಪಿ ಕೆತ್ತಿದ್ದರು,
ವಾಪಸು ಕಳಿಸಿ ತಿದ್ದಿಸಿದ್ದು ನಾನೇ:
ವರ್ಲಿನ್ ಹಾಫ್‌ಸ್ಟಾಡ್, ಟ್ರಕ್ಕು ನಂಬರು ನಲವತ್ತೊಂದು.

ಇಪ್ಪತ್ತಾರು ವರ್ಷ ಅವನು ನನಗೆ ಬರೀ ಒಂದು ದನಿ.
ಸೂ ಫಾಲ್ಸಿನ ಈ ತಗಡಿನ ಕಚೇರಿಯಲ್ಲಿ
ಗೋಡೆಯ ನಕಾಶೆಗೆ ಗುಂಡುಪಿನ್ನು ಚುಚ್ಚುತ್ತ
ನಾನು ಕೇಳುವುದು: ಎಲ್ಲಿದ್ದೀ?
ಅವನು ಹೇಳುವುದು: ಗಾಳಿಯಲ್ಲಿ.
ವಯೋಮಿಂಗಿನದು ಗಾಳಿಯಲ್ಲವಂತೆ, ಕೈಯಂತೆ,
ಖಾಲಿ ಟ್ರೇಲರನ್ನು ಪುಸ್ತಕದ ಹಾಳೆಯ ಹಾಗೆ
ಮಗುಚಿ ಹಾಕುವ ಕೈ.

ಭಾಷಣ ಬರೆಯಲು ನನಗೇ ಹೇಳಿದರು.
ಆಗದೇ ಹೋದದ್ದರ ಚರಿತ್ರೆ ಬರೆಯುವುದು ಹೇಗೆ?
ಗುದ್ದದ ಜಿಂಕೆ. ಮುರಿಯದ ಬೇಲಿ.
ಮಿಚೆಲ್ ಊರಿನ ಹತ್ತಿರ, ಸ್ಕೂಲು ಬಸ್ಸಿನ ಹಿಂದೆ
ಸುಮ್ಮನೆ ನಿಂತುಕೊಂಡ ನಾಲ್ಕು ನಿಮಿಷ.
ಆ ಮಕ್ಕಳಿಗೀಗ ಮಕ್ಕಳಿರಬಹುದು,
ಇವನ ಹೆಸರು ಅವರಿಗೆ ಗೊತ್ತಿಲ್ಲ,
ಗೊತ್ತಿಲ್ಲದಿರುವುದೇ ಇವನ ಸಂಬಳ, ಅಂತ ಬರೆದೆ.
ಬಹಳ ಚಂದವಾಯಿತು ಅನಿಸಿ ಹೊಡೆದುಹಾಕಿದೆ.

ಬದಲಿಗೆ ಸುತ್ತಿಗೆಯ ವಿಷಯ ಬರೆದೆ.
ಹೊರಡುವ ಮುನ್ನ ಹದಿನೆಂಟು ಚಕ್ರಕ್ಕೂ ಒಂದೊಂದು ಏಟು,
ಕಲ್ಲಂಗಡಿ ಕೊಳ್ಳುವವನಂತೆ ತಲೆ ವಾಲಿಸಿ ಕೇಳುವುದು.
ಹೆಂಡತಿ ಆರ್ಲಿಸ್‌ಳನ್ನು ಮಣ್ಣು ಮಾಡಿದ ಮೂರನೆಯ ದಿನವೂ
ಹಾಗೇ ಬಡಿದ, ಹಾಗೇ ಕೇಳಿದ.

ಮೂರನೇ ನಂಬರಿನ ಗ್ಯಾರೇಜು ತೊಳೆದು ಕುರ್ಚಿ ಹಾಕಿದ್ದರು.
ನೆಲದ ಎಣ್ಣೆಯ ಕಲೆಯ ಮೇಲೆ ಮೇಜುಬಟ್ಟೆ ಮುಚ್ಚಿದ ಕೇಕು, ಟ್ರಕ್ಕಿನ ಆಕಾರ.
ಯಜಮಾನರ ಮಗ ಕೈ ಕುಲುಕಿದ, ಜಾಕೆಟ್ ತೊಡಿಸಿದ.
ಒಂದು ಸೈಜು ದೊಡ್ಡದು.
ಹೊಸ ಹುಡುಗರು ಶಿಳ್ಳೆ ಹೊಡೆದರು.
ವರ್ಲಿನ್ ಒಂದೇ ಮಾತು ಆಡಿದ: ಆಯ್ತು.

ಆಮೇಲೆ ಅಂಗಳದಲ್ಲಿ, ಉಸಿರೂ ಹೆಪ್ಪುಗಟ್ಟುವ ಚಳಿಯಲ್ಲಿ
ಫಲಕವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಅಂದ:
ನಿನ್ನ ಪುಸ್ತಕದಲ್ಲಿ ಒಂದು ಮೈಲಿ ಕಳೆದುಬಿಡು.
ಎರಡು ಸಾವಿರದ ಒಂಬತ್ತು, ಫೆಬ್ರವರಿ, ರಾಲಿನ್ಸ್‌ಗೆ ಇನ್ನೂ ಮುಂಚೆ
ಕಣ್ಣು ಹತ್ತಿಬಿಟ್ಟಿತು ನನಗೆ.
ರಸ್ತೆಯಂಚಿನ ಗೀರುಗಳು ಗರ್ರೆಂದು ಎಬ್ಬಿಸಿದವು.
ಎಷ್ಟು ದೂರವೋ ತಿಳಿಯದು, ಒಂದು ಅಂತ ಇಟ್ಟುಕೋ.
ಅಷ್ಟನ್ನು ಓಡಿಸಿದವನು ಯಾರೋ, ನಾನಲ್ಲ.
ನನ್ನದಲ್ಲದ್ದು ನನ್ನ ಲೆಕ್ಕದಲ್ಲಿ ಬೇಡ.

ಅವನ ಮುಖವನ್ನು ಅಷ್ಟು ಹತ್ತಿರದಿಂದ ಕಂಡದ್ದೇ ಕಡಿಮೆ.
ಎಡಗೆನ್ನೆ ಬಲಗೆನ್ನೆಗಿಂತ ಹತ್ತು ವರ್ಷ ಮುದಿ,
ಕಿಟಕಿಯ ಬಿಸಿಲು ತಿಂದದ್ದು.

ಒಳಗೆ ಬಂದು ಹಳೆಯ ಪುಸ್ತಕ ತೆಗೆದೆ.
ಫೆಬ್ರವರಿ. ನಲವತ್ತೊಂದು. ಹಂದಿಮಾಂಸ, ರೀನೋಗೆ.
ರಾತ್ರಿ ಹನ್ನೆರಡೂ ಹತ್ತು, ಲಾರಮಿಯಿಂದ ಫೋನು.
ಎರಡು ತಾಸು ಮಲಗಲೇ ಅಂತ ಕೇಳಿದ್ದ.
ಎದುರಿಗೆ ನನ್ನದೇ ಅಕ್ಷರ, ನೀಲಿ ಶಾಯಿ:
ತಡವಾಗಿದೆ, ಇನ್ನಷ್ಟು ಎಳೆ ಅಂದೆ.

ಇದನ್ನು ಅವನು ಮರೆತನೋ,
ಮರೆತಂತೆ ಹದಿನೈದು ವರ್ಷ ನನ್ನೊಡನೆ ಮಾತಾಡಿದನೋ.
ಕೇಳಲು ಬಾಗಿಲ ತನಕ ಹೋದೆ.

ಕತ್ತಲಲ್ಲಿ ಸುತ್ತಿಗೆ ಶುರುವಾಗಿತ್ತು.
ನಾಳೆಯ ಲೋಡಿಗೆ ಇವತ್ತೇ ಬಡಿಯುತ್ತಿದ್ದಾನೆ, ಹೊಸ ಜಾಕೆಟ್ಟಿನಲ್ಲೇ.
ನಿಂತು ಎಣಿಸಿದೆ.
ಹನ್ನೊಂದರ ಹತ್ತಿರ ಸದ್ದು ಬೇರೆಯಾಯಿತು, ಮೆತ್ತಗೆ.
ಅವನು ಬಾಗಿದ. ಕೈಗವಸು ಕಳಚಿ ರಬ್ಬರಿಗೆ ಅಂಗೈ ಇಟ್ಟ.
ಏ, ಪಂಪು ತಾ, ಅಂದ ನನಗೆ, ತಿರುಗದೆಯೇ.
ತಂದೆ.