ಸೀಟು ಎಷ್ಟು

ಟಾಂಗಾಕೂಟದ ನಮ್ಮ ಮಾಳಿಗಿ ಆಫೀಸಿಗೆ
ವರ್ಷಾ ಬರತಾನ ಮುದಕಪ್ಪ ಬಡಿಗೇರ.
ಅದ ಓಮ್ನಿ, ಬ್ಯಾರೆ ಬ್ಯಾರೆ ಫಾರ್ಮು.

ಮನಿ ಗಾಡಿ ಇದ್ದಾಗ ಬಿಳಿ ಬೋರ್ಡು, ಕಡಿಮಿ ರೊಕ್ಕ.
ಸಾಲಿ ಹುಡುಗೂರ್ನ ಒಯ್ಯೂಮುಂದ ಹಳದಿ ಆತು.
‘ಬಣ್ಣ ಇಷ್ಟ ತುಟ್ಟಿ ಏನ್ರಿ?
ಬ್ರೇಕೂ ಅದ, ಕಾಲೂ ನಂದ’ ಅಂದಿದ್ದ.

ಈ ಸಲ ಸೀಟು ಕಿತ್ತಿಸಿ
ಉದ್ದಕ ತಗಡಿನ ಹಲಗಿ ಹಾಕ್ಸ್ಯಾನ.
ಕಂಪ್ಯೂಟರಿನ್ಯಾಗ ಹುಡುಕಿದೆ:
ಟ್ಯಾಕ್ಸಿ, ಟ್ರಕ್ಕು, ಅಂಬುಲೆನ್ಸು,
ಕಡೀಕ ಸಿಕ್ತು ಶವವಾಹನ.
‘ಕೂಡಾವರು ಎಷ್ಟು ಮಂದಿ?’
‘ಇಬ್ಬರು. ಇನ್ನೊಬ್ಬಾಂವ
ಮಲಗಿರತಾನ.’

ಮಲಗಿದಾಂವಗ ಕಾಲಂ ಇಲ್ಲ.
ರೊಕ್ಕ ಇಳದದ್ದು ನೋಡಿ
ಮುದಕಪ್ಪ ನಗಲಿಲ್ಲ.
ಪಾವತಿ ಮಡಚಿ ಕಿಸೇದಾಗ ಇಟಗೊಂಡು
ಮೆಟ್ಟಲದಾಗ ನಿಂತ:
‘ಹುಡುಗೂರು ಕಂಪಾಸಿನ ಮೊನಿಲೆ
ಕಿಡಕಿ ಪಟ್ಟಿ ಮ್ಯಾಲ ಹೆಸರು ಕೆತ್ಯಾರ್ರಿ.
ಅಳಸಬೇಕಂತ
ರೂಲ್ ಏನರ ಐತೇನು?’